ಬೆಲ್ಟಿಗೊಂದು ಹೊಸ ತೂತು

ಹೊಸಪೇಟೆ ಬಸ್ ನಿಲ್ದಾಣದ ಗೋಡೆಗೆ ಒರಗಿ ಚಪ್ಪಲಿ ಹೊಲಿಯುವವನ ಕೈಗೆ ನಿನ್ನೆ ನನ್ನ ಬೆಲ್ಟು ಬಿಚ್ಚಿ ಕೊಟ್ಟೆ. ಎಪ್ಪತ್ತರ ಹತ್ತಿರದ ಮುದುಕ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತಿರುವುದು ನೋಡಲು ಚೆಂದದ ದೃಶ್ಯವೇನಲ್ಲ.

“ಯಜಮಾನ್ರ, ಹ್ವಾದ ಸಲದಂಗ ಹೊರಗ ಹೊಡೀಲೇನು?” ಎಂದ.

“ಇಲ್ಲಪ, ಈ ಸಲ ಒಳಗ.”

ಆ ‘ಒಳಗ’ದಲ್ಲಿ ಎಷ್ಟು ಜಂಬವಿತ್ತೆಂದರೆ, ಪಕ್ಕದ ಬೆಂಚಿನ ಮೇಲೆ ಕೂತಿದ್ದ ನನ್ನ ಹೆಂಡತಿ ಈರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವನು ಉಳಿ ಇಟ್ಟು ಬಡಿದ. ಬೆಲ್ಟಿನ ಎರಡು ಪದರದ ನಡುವಿನಿಂದ ಚಿಟಿಕೆಯಷ್ಟು ಕೆಂಪು ಧೂಳು ಉದುರಿತು. “ಏನ್ರಿ ಇದು, ಕುಂಕುಮಾನಾ?” ಎಂದ.

ಯಶವಂತನಗರದ ಗಣಿಯ ಧೂಳು ಅದು. ನಾನು ನೌಕರಿ ಬಿಟ್ಟು ಎಷ್ಟೋ ವರ್ಷವಾಯಿತು, ಅದು ನನ್ನನ್ನು ಬಿಟ್ಟಿಲ್ಲ.

ಅಲ್ಲಿ ನನ್ನ ಕೆಲಸ ಲಾರಿ ತೂಗುವುದು. ನೆಲದ ಮಟ್ಟಕ್ಕೆ ಕೂಡಿಸಿದ ದೊಡ್ಡ ಕಬ್ಬಿಣದ ಹಲಗೆಯ ಮೇಲೆ ಅದಿರಿನ ಲಾರಿ ಬಂದು ನಿಂತರೆ, ಕಿಟಕಿಯೊಳಗೆ ಕೂತ ನಾನು ತೂಕ ಓದಬೇಕು. ಬರೀ ಎಸ್ಸೆಸ್ಸೆಲ್ಸಿ ಓದಿದವನಿಗೆ ಅಂಥ ಕಿಟಕಿ ಸಿಕ್ಕರೆ ತಲೆ ಭುಜದ ಮೇಲೆ ನಿಲ್ಲುವುದು ಕಷ್ಟ. ಕೆಲವು ಡ್ರೈವರ್‌ಗಳು ತೂಕ ಕಡಿಮೆ ಕಾಣಲೆಂದು ಹಿಂದಿನ ಚಕ್ರವನ್ನು ಹಲಗೆಯ ಆಚೆಗೆ ಬೆರಳಷ್ಟು ಬಿಟ್ಟು ನಿಲ್ಲಿಸುತ್ತಿದ್ದರು. ಕೂತಲ್ಲಿಂದಲೇ ಕಂಡುಹಿಡಿದು, “ಚಕ್ರ ಪೂರ್ತಿ ಮ್ಯಾಲ ತಗೊಳಲೇ!” ಎಂದು ಕೂಗುತ್ತಿದ್ದೆ. ತೂಕ ಸರಿಯಿದ್ದರೆ ಕಿಟಕಿಯ ತಗಡು ಬಡಿದು “ಪಾಸ್!”, ಹೆಚ್ಚಾದರೆ “ಓವರ್‌ಲೋಡ್!” ಈ ಎರಡು ಮಾತು ನನ್ನ ನಾಲಿಗೆಗೆ ಎಷ್ಟು ಅಂಟಿದ್ದವೆಂದರೆ, ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಓವರ್‌ಲೋಡೇ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಈರಮ್ಮನಿಗೆ ಆಗಲೇ ದಮ್ಮಿನ ಕಾಯಿಲೆ. ಅದಕ್ಕೆ ಸಣ್ಣ ಬಿಳಿ ಗುಳಿಗೆ ಕೊಟ್ಟಿದ್ದರು. ಗುಳಿಗೆಯಿಂದ ಉಸಿರು ಹಗುರಾಯಿತು, ಮೈ ಭಾರವಾಯಿತು, ಮುಖ ದುಂಡಗಾಯಿತು. ಒಂದು ಬೆಳಿಗ್ಗೆ ಸಂಡೂರಿಗೆ ಹೋಗಲು ಕಂಪನಿ ಬಸ್ಸು ಹತ್ತುವಾಗ ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಏದುಸಿರು ಇಳಿಯಲೆಂದು ನಿಂತಳು. ಹಿಂದಿದ್ದ ನಾನು ಬಸ್ಸಿನ ತಗಡು ಬಡಿದು, “ಓವರ್‌ಲೋಡ್! ಅರ್ಧ ಇಳಿಸಿ ಬಾ!” ಎಂದುಬಿಟ್ಟೆ. ಇಡೀ ಬಸ್ಸು ನಕ್ಕಿತು. ಅವಳೂ ನಕ್ಕಳು. ಅವಳೂ ನಕ್ಕಳಲ್ಲ ಎಂಬುದನ್ನೇ ಎಷ್ಟೋ ವರ್ಷ ನನ್ನ ಪರವಾದ ಸಾಕ್ಷಿಯಂತೆ ಇಟ್ಟುಕೊಂಡಿದ್ದೆ.

ಅಂದಿನಿಂದ ಯಾವ ಬಸ್ಸಿಗೇ ಆಗಲಿ, ನಾನು ಹತ್ತಿದ ಮೇಲೆಯೇ ಅವಳು ಹತ್ತುವುದು. ಗಂಡನಿಗೆ ಮರ್ಯಾದೆ ಕೊಡುತ್ತಾಳೆ ಎಂದುಕೊಂಡೆ. ನಗಬೇಡಿ, ನಿಜವಾಗಿ ಹಾಗೇ ಅಂದುಕೊಂಡಿದ್ದೆ. ಅದೇ ತಿಂಗಳು ದಮ್ಮು ಜೋರಾಗಿ ಆಸ್ಪತ್ರೆ ಸೇರಿದಳು. ಜೀವ ಉಳಿದದ್ದೇ ದೊಡ್ಡದು. ಗಣಿ ಧೂಳು ಎಂದೆ, ಎಲ್ಲರೂ ಹೌದೆಂದರು.

ನಿವೃತ್ತನಾಗಿ ಮಲಪನಗುಡಿಯ ಮನೆಗೆ ಬಂದ ಮೇಲೆ ನನ್ನ ಕೀಲುಗಳು ಹಿಡಿದುಕೊಂಡವು. ಬೆಳಗಾದರೆ ಅಂಗಿಯ ಗುಂಡಿ ಹಾಕಲೂ ಬೆರಳು ಬಗ್ಗದು. ವಾಸಿಯಾಗುವ ವಾತವಲ್ಲ, ಜೊತೆಯಲ್ಲೇ ಇರುವ ವಾತ ಎಂದು ಡಾಕ್ಟರಮ್ಮ ಹೇಳಿ ಔಷಧಿ ಬರೆದರು. ಈರಮ್ಮ ಪೊಟ್ಟಣ ತಿರುಗಿಸಿ ನೋಡಿ, “ಇದು ನಂದ ಗುಳಿಗಿ” ಎಂದಳು.

ನೋವು ಇಳಿಯಿತು, ಹಸಿವು ಏರಿತು. ಬೆಳಿಗ್ಗೆ ನಾಲ್ಕು ರೊಟ್ಟಿ, ಹತ್ತು ಗಂಟೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮಿರ್ಚಿ ಕಡಿಯುತ್ತಲೇ ಮಧ್ಯಾಹ್ನದ ಊಟದ ಯೋಚನೆ. ಆಗಲೇ ಬೆಲ್ಟಿಗೆ ಹೊರಗಡೆ ತೂತು ಬಿದ್ದದ್ದು. ಕಂಪ್ಲಿಯಿಂದ ಬಂದ ಅವಳ ತಮ್ಮ ಬಾಗಿಲಲ್ಲೇ, “ಏನ್ ಮಾವ, ರೈಸ್‌ಮಿಲ್ ಹಾಕೀಯೇನು? ಗಲ್ಲ ಹಂಗ ಉಬ್ಬ್ಯಾವಲ್ಲ!” ಎಂದ. ನಾನು ಹೆಗಲ ಟವೆಲಿನಿಂದ ಗಲ್ಲ ಮುಚ್ಚಿಕೊಂಡೆ. ಈರಮ್ಮ ಒಳಗಿನಿಂದಲೇ, “ಗುಳಿಗಿಯಿಂದ ಆಗಿದ್ದದು. ನಗಬ್ಯಾಡಲೇ” ಎಂದಳು.

ಭಾರಕ್ಕೆ ಮೊಣಕಾಲೂ ನೋಯತೊಡಗಿತು. “ತೂಕ ಇಳಿಸ್ರಿ. ಗುಳಿಗಿ ನಾನ ಸಾವಕಾಶ ಕಡಿಮಿ ಮಾಡ್ತೀನಿ, ನೀವಾಗಿ ಬಿಡಬ್ಯಾಡ್ರಿ” ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದರು. ನಾನು ಬಿಟ್ಟೆ. ಈರಮ್ಮ ಕೊಟ್ಟ ಗುಳಿಗೆಯನ್ನು ನಾಲಿಗೆಯಡಿ ಅಡಗಿಸಿ, ನೀರು ಕುಡಿದು, ಹಿತ್ತಲಿಗೆ ಹೋಗಿ ಉಗುಳುತ್ತಿದ್ದೆ. ಕೆಲವೇ ದಿನಕ್ಕೆ ವಾಂತಿ, ತಲೆಸುತ್ತು. ಬಚ್ಚಲ ಬಾಗಿಲಲ್ಲಿ ಕುಸಿದೆ. ದಮ್ಮಿನ ಆ ಹೆಂಗಸು ನನ್ನನ್ನು ಆಟೋಗೆ ಎತ್ತಿ ಹಾಕಿಕೊಂಡು ಹೊಸಪೇಟೆಗೆ ಒಯ್ದು ಉಳಿಸಿದಳು. ಗುಳಿಗೆ ಉಗುಳುತ್ತಿದ್ದದ್ದನ್ನು ಅಲ್ಲಿ ಅವಳೆದುರೇ ಒಪ್ಪಿಕೊಂಡೆ; ಒಮ್ಮೆಲೇ ಬಿಟ್ಟಿದ್ದಕ್ಕೇ ಹೀಗಾಯಿತೆಂದು ಡಾಕ್ಟರಮ್ಮ ಬೈದರು.

ಚೇತರಿಸಿಕೊಂಡು ಮತ್ತೆ ತೋರಿಸಲು ಹೋದಾಗ ನರ್ಸ್ ನನ್ನನ್ನು ತೂಕದ ಮಷಿನ್ನಿನ ಮೇಲೆ ನಿಲ್ಲಿಸಿದರು. ನಾನು ಮೆಲ್ಲಗೆ ಎರಡು ಬೆರಳನ್ನು ಪಕ್ಕದ ಮೇಜಿಗೆ ಊರಿದೆ. ಬುದ್ಧಿ ನೋಡಿ. ಹಿಂದಿನಿಂದ ಈರಮ್ಮನ ದನಿ ಬಂತು:

“ಚಕ್ರ ಪೂರ್ತಿ ಮ್ಯಾಲ ತಗೊಳ್ರೀ!”

ನರ್ಸ್ ಬೆರಳು ಕಂಡು ನಕ್ಕರು, ಸರದಿಯಲ್ಲಿದ್ದವರೂ ನಕ್ಕರು. ನಾನೂ ನಕ್ಕೆ. ನಗುವಾಗಲೇ ತಿಳಿಯಿತು, ಅಷ್ಟು ಜನರ ನಡುವೆ ನಗದೆ ಬೇರೇನೂ ಮಾಡಲು ಬರುವುದಿಲ್ಲ.

ಹೊರಗೆ ಬೇವಿನ ಮರದ ಕೆಳಗೆ, “ಅವತ್ತು ಕಂಪನಿ ಬಸ್ಸಿನ ಹತ್ರ ನಾ ಹಂಗ ಅನಬಾರದಿತ್ತು. ತಪ್ಪಾತು” ಎಂದೆ.

“ಈಗ ತಲಿಗೆ ಇಳೀತೇನು?” ಎಂದಳು. “ಅವತ್ತಿಂದ ನಾನೂ ಗುಳಿಗಿ ಹಿತ್ತಲದಾಗ ಉಗುಳಿದ್ದೆ. ಹದಿನೈದು ದಿನ. ದವಾಖಾನಿ ಸೇರಿದ್ದು ಧೂಳಿಗಲ್ಲ.”

ನನ್ನ ಕಣ್ಣು ತುಂಬಿ ಬಂತು. ಅವಳು ಸೆರಗು ಮುಂದೆ ಚಾಚಿ, “ಒರಸ್ಕೊಳ್ರಿ. ಮಂದಿ ನೋಡಿದ್ರ ನಾನ ಹೊಡದೀನಿ ಅಂತಾರ” ಎಂದಳು.

ಈಗ ಇಬ್ಬರ ಗುಳಿಗೆಗೂ ಒಂದೇ ಡಬ್ಬಿ. ನುಂಗಿದ ಮೇಲೆ ನಾಲಿಗೆ ಎತ್ತಿ ಒಬ್ಬರಿಗೊಬ್ಬರು ತೋರಿಸಬೇಕು, ಕಂಡವರು ಹುಚ್ಚರೆಂದುಕೊಂಡಾರು. ರೊಟ್ಟಿ ಎರಡಕ್ಕೆ ಇಳಿದಿದೆ. ಸಂಜೆ ಊರ ಹಳೆಯ ಬಾವಿಯವರೆಗೆ ನಡೆಯುತ್ತೇವೆ. ನೋವಿರುವ ದಿನ ಓಣಿಯ ತಿರುವಿನಿಂದಲೇ ವಾಪಸು. ಡಾಕ್ಟರಮ್ಮ ಗುಳಿಗೆಯನ್ನು ಚೂರುಚೂರೇ ಕಡಿಮೆ ಮಾಡುತ್ತ ಬಂದರು. ಮೈಯೂ ಅದೇ ಸಾವಕಾಶದಲ್ಲಿ ಇಳಿಯಿತು. ವಾತ ಇದೆ, ಇರಲಿ.

ನಿನ್ನೆ ಬೆಲ್ಟು ಕಟ್ಟಿಕೊಳ್ಳುವಷ್ಟರಲ್ಲಿ ನಮ್ಮ ಊರಿನ ಬಸ್ಸು ಬಂತು. ಅಭ್ಯಾಸದಂತೆ ನಾನು ಮುಂದೆ ಹೋದೆ. ಬಾಗಿಲಲ್ಲಿ ಈರಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ ತಾನೇ ಮೊದಲು ಕಾಲಿಟ್ಟಳು. ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡಳು. ಕಂಡಕ್ಟರ್ ಸೀಟಿ ಬಾಯಿಗಿಟ್ಟು ಕಾದ. ನಾನು ಹಿಂದೆ ನಿಂತೇ ಇದ್ದೆ, ಬಾಯಿ ಮುಚ್ಚಿಕೊಂಡು. ಅವಳು ಮೇಲೆ ಹೋಗಿ, ತಿರುಗಿ ನನ್ನ ಸೊಂಟ ನೋಡಿ, ಬಸ್ಸಿನ ತಗಡಿಗೆ ಒಂದೇಟು ಬಡಿದಳು.

“ಪಾಸ್! ಬರ್ರಿ ಮ್ಯಾಲ.”