ಪಾಸಾದ ಚಹಾ ಜರಡಿ

ವಿಕ್ರೋಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ತಾಜಬಿ ಹತ್ತೊಂಬತ್ತು ವರ್ಷದಿಂದ ಗುಳ್ಳೆ ನೋಡುವ ಕೆಲಸ ಮಾಡುತ್ತಿದ್ದಳು. ಅಲ್ಲಿ ತಯಾರಾಗುವುದು ಬೆರಳುದ್ದದ ಫೈಬರ್ ಕನೆಕ್ಟರು. ಯಂತ್ರದ ಗೋಡೆಯಲ್ಲಿ ಅದನ್ನು ಕೂರಿಸಿದರೆ ಗಾಜಿನ ಎಳೆಯೊಳಗಿಂದ ಬೆಳಕು ಆಚೆ ದಾಟಬೇಕು. ಗಾಳಿ, ನೀರು ದಾಟಬಾರದು. ತಾಜಬಿ ಒಂದು ಬದಿಗೆ ಗಾಳಿ ಕೊಟ್ಟು ಇನ್ನೊಂದು ಬದಿಯನ್ನು ಪಾತೇಲಿ ಎಂಬ ಅಗಲ ಪಾತ್ರೆಯ ನೀರಿನಲ್ಲಿ ಅದ್ದುವಳು. ಗುಳ್ಳೆ ಎದ್ದರೆ ಮಾಲು ವಾಪಸ್. ಕೆಲಸ ಹೆಚ್ಚಿದ ದಿನ ಎಳೆಯ ಸುತ್ತಲಿನ ಸಂದಿಗೆ ಅಂಟು ತುಂಬಲೂ ಕೂರುವಳು.

ಧಾರವಾಡದ ಅನಿಲಕುಮಾರ ಸೂಪರ್‌ವೈಸರ್ ಆಗಿ ಬಂದವನೇ ಪಾತೇಲಿ ಎತ್ತಿಸಿ ಹೊಸ ಯಂತ್ರ ತರಿಸಿದ. ಗಾಳಿ ಸೋರದಿದ್ದರೆ ಹಸಿರು ದೀಪ, ಸೋರಿದರೆ ಕೆಂಪು. ಮೂರು ದಿನದಲ್ಲಿ ಇನ್ನೂರು ಕನೆಕ್ಟರೂ ಪಾಸು!

"ಸರ, ಒಂದೂ ಫೇಲ್ ಆಗಿಲ್ಲಂದ್ರ ನನಗ ಡೌಟ್ ಬರತೈತ್ರಿ."

"ಆಪಾ, ನಿಮ್ಮ ಕಣ್ಣಿಗಿಂತ ಮಶೀನ್ ಶಾಣ್ಯಾ ಐತಿ. ಸುಮ್ನ ಬಟನ್ ಒತ್ರಿ."

ತಾಜಬಿ ತನ್ನ ಮೇಜಿಗೆ ಮರಳಿದಳು. ಚಹಾ ಸೋಸುವ ಪ್ಲಾಸ್ಟಿಕ್ ಜರಡಿಯನ್ನು ಯಂತ್ರದ ಬಾಯಿಗೆ ಸಿಕ್ಕಿಸಿ ಬಟನ್ ಒತ್ತಿದಳು. ಹಸಿರು ದೀಪ! ಪಕ್ಕದ ಮೇಜಿನ ಶಬನಮ ನಗು ತಡೆಯಲು ದುಪಟ್ಟಾ ಕಚ್ಚಿಕೊಂಡಳು. ತಾಜಬಿ ಜರಡಿಗೆ ನಂಬರು ಕೊಟ್ಟು, ಡಬ್ಬಿಯಲ್ಲಿಟ್ಟು, ಮಿಕ್ಕವುಗಳ ಜೊತೆ ಸಹಿಗೆ ಕಳಿಸಿದಳು. ಅನಿಲಕುಮಾರ ತೆರೆದು ನೋಡದೆ ಸಹಿ ಹಾಕಿದ.

"ಸರ, ಈ ಒಂದು ಪೀಸ್ ಕೈಯಾಗ ಹಿಡದ್ ನೋಡ್ರಿ."

ಅವನು ಡಬ್ಬಿ ತೆರೆದ. "ಇದೇನ್ರಿ ಇದು?"

"ನೀವ ಪಾಸ್ ಮಾಡೀರಲ್ರಿ."

ಹೇಳಿದ ಮೇಲೆ ಅವಳಿಗೆ ಕೆಲಸ ಹೋದೀತೆಂಬ ಅಂಜಿಕೆ ಹತ್ತಿತು. ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಅನಿಲಕುಮಾರ ಬೈಯಲಿಲ್ಲ. ಮೊಣಕಾಲೂರಿ ಯಂತ್ರದ ಹಿಂದೆ ತಲೆ ತೂರಿಸಿದ. ಕನೆಕ್ಟರಿನತ್ತ ಗಾಳಿ ಬಿಡುವ ವಾಲ್ವನ್ನು ಯಾರೂ ತೆರೆದೇ ಇರಲಿಲ್ಲ. ಮೂರು ದಿನವೂ ಯಂತ್ರ ತನ್ನ ಪೈಪನ್ನು ತಾನೇ ಪರೀಕ್ಷಿಸಿಕೊಂಡು ಶಭಾಸ್‌ಗಿರಿ ಕೊಟ್ಟುಕೊಂಡಿತ್ತು.

ಪಾತೇಲಿ ಮರಳಿ ಬಂತು. ಇಬ್ಬರೂ ತೋಳೇರಿಸಿ ಕೂತು ಇನ್ನೂರನ್ನೂ ಅದ್ದಿದರು. ಏಳರಲ್ಲಿ ಗುಳ್ಳೆ ಎದ್ದವು. ಅವುಗಳಲ್ಲಿ ಐದನೆಯದನ್ನು ಅನಿಲಕುಮಾರ ಬೆಳಕಿಗೆ ಹಿಡಿದ. ಅಂಟು ತುಂಬಿದವರು ಕನೆಕ್ಟರಿನ ಮೇಲೆ ತಮ್ಮ ಹೆಸರಿನ ಮೊದಲಕ್ಷರ ಗೀಚುವುದು ಅಲ್ಲಿನ ರೂಢಿ.

"ಆಪಾ, 'ತಾ' ಅಂದ್ರ ಯಾರ್ರೀ?"

"ಇರ್ತಾರ ಯಾರರೆ... ಹೆಸರಿಗೇನ್ ಬರ ಐತ್ರಿ?"

"ಇಡೀ ಕಾರ್ಖಾನ್ಯಾಗ ನೀವೊಬ್ರ ಅದೀರಿ."

ತಾಜಬಿ ಕನೆಕ್ಟರನ್ನು ಕಸಿದುಕೊಂಡಳು. ಶಬನಮ ಈ ಸಲ ದುಪಟ್ಟಾ ಕಚ್ಚಲಿಲ್ಲ, ಹೊಟ್ಟೆ ಹಿಡಿದು ನಕ್ಕಳು. ತಾಜಬಿಯೂ ನಕ್ಕು, ಸೂಜಿ ಎತ್ತಿಕೊಂಡು ಹಳೆಯ ಅಂಟು ಕೆರೆಯತೊಡಗಿದಳು.