ಕೊವೆಂಟ್ರಿಯಲ್ಲಿ ನಮ್ಮ ಮನೆಯವರ ಸೊಂಟವೂ ನಾಲ್ಕು ಕರಪತ್ರಗಳೂ

ಭಾರತದ ಪಾಸ್‌ಪೋರ್ಟು ತೋರಿಸಿ ಇಂಗ್ಲೆಂಡಿನ ಸಂಸತ್ತಿಗೆ ವೋಟು ಹಾಕಿ ಬಂದಿದ್ದೇನೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಮೊದಲು ನಾನೇ ನಂಬಿರಲಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಕಾಗದ ಬಂದಾಗ ಯಾರೋ ಟೋಪಿ ಹಾಕಲು ನೋಡುತ್ತಿದ್ದಾರೆ ಎಂದುಕೊಂಡು ಮೂಲೆಗೆ ಹಾಕಿದ್ದೆ. ಆಮೇಲೆ ಗೊತ್ತಾಯಿತು, ಕಾಮನ್‌ವೆಲ್ತ್ ದೇಶಗಳವರು ವೀಸಾ ಪಡೆದು ಇಲ್ಲಿ ನೆಲೆಸಿದ್ದರೆ ಸಾಕಂತೆ, ಈ ದೇಶದ ಪ್ರಜೆಗಳೇ ಆಗಬೇಕೆಂದಿಲ್ಲ. ಅಜ್ಜನ ಕಾಲದಲ್ಲಿ ಇವರನ್ನು ಓಡಿಸಲು ಒದ್ದಾಡಿದೆವು, ಈಗ ಇವರ ಮನೆಗೇ ಬಂದು ಇವರನ್ನು ಯಾರು ಆಳಬೇಕು ಅಂತ ನಾವು ಹೇಳುವುದು. ಹೇಗಿದೆ ಮಾರಾಯ್ರೆ ಕತೆ.

ಆದರೆ ಆ ಚುನಾವಣೆಯಲ್ಲಿ ನನಗೆ ಬೇಕಾಗಿದ್ದದ್ದು ಒಂದೇ, ನಮ್ಮ ಮನೆಯವರ ಸೊಂಟದ ಆಪರೇಷನ್ನು. ಸುಧಾಕರ ಇಲ್ಲಿನ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸುತ್ತಾರೆ, ದಿನವಿಡೀ ನಿಂತೇ ಇರುವ ಕೆಲಸ. ಬಲಗಡೆಯ ಕೀಲು ಪೂರ್ತಿ ಸವೆದಿದೆ, ಬದಲಿಸಲೇಬೇಕು ಎಂದು ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿ, ಕಾಯುವವರ ಪಟ್ಟಿಗೆ ಹೆಸರು ಸೇರಿಸಿದರು. ಅಷ್ಟೇ. ಇಲ್ಲಿನ ಮನೆಗಳಲ್ಲಿ ಅಡುಗೆಮನೆ ಕೆಳಗೆ, ಬಚ್ಚಲು ಮೇಲೆ. ಕಿರಿದಾದ ಮೆಟ್ಟಿಲನ್ನು ಇವರು ಏಡಿಯ ಹಾಗೆ ಅಡ್ಡಡ್ಡ ಹತ್ತುತ್ತಿದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡುತ್ತಿದ್ದ ಮನುಷ್ಯನಿಗೆ ಕಾಲುಚೀಲ ಹಾಕಲು ನಾನು ಬೇಕಾಯಿತು. ನನಗೆ ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಮಂಗಳೂರಿನಲ್ಲಾದರೆ ಸಂಜೆ ಕ್ಲಿನಿಕ್ಕಿಗೆ ಹೋಗಿ ಟೋಕನ್ ತೆಗೆದುಕೊಂಡರೆ ದೊಡ್ಡ ಡಾಕ್ಟರೇ ಸಿಗುತ್ತಾರೆ, ದುಡ್ಡಿದ್ದರೆ ವಾರದೊಳಗೆ ಆಪರೇಷನ್. ದುಡ್ಡಿಲ್ಲದವನ ಗತಿ ಏನು ಎಂಬುದನ್ನೂ ನೋಡಿದ್ದೇನೆ, ಚಿಕ್ಕಪ್ಪನ ಚಿಕಿತ್ಸೆಗೆ ಚಿಕ್ಕಮ್ಮನ ಕುತ್ತಿಗೆ ಬರಿದಾಯಿತು. ಇಲ್ಲಿ ಹಾಗಿಲ್ಲ. ಮೊದಲು ಜಿಪಿ ಎಂಬ ಬಡಾವಣೆಯ ಡಾಕ್ಟರು, ಅವರು ಬರೆದುಕೊಟ್ಟರೆ ಆಸ್ಪತ್ರೆ, ಎಲ್ಲೂ ಬಿಲ್ಲು ಕೇಳುವವರಿಲ್ಲ. ನನ್ನ ಮಗಳು ನಿಧಿ ಹುಟ್ಟಿದಾಗ ಸೂಲಗಿತ್ತಿ ನರ್ಸೊಬ್ಬಳು ಮನೆಗೇ ಬಂದು ನನ್ನನ್ನು ನೋಡಿಕೊಂಡಳು. ಉಂಡ ಮನೆಯ ಜಂತಿ ಎಣಿಸುವವಳಲ್ಲ ನಾನು. ಆದರೆ ಈ ಊಟ ಧರ್ಮದ್ದೂ ಅಲ್ಲ. ವೀಸಾ ಮಾಡಿಸುವಾಗಲೆಲ್ಲ ಆರೋಗ್ಯ ಸೇವೆಗೆಂದೇ ಬೇರೆ ಶುಲ್ಕ ಕಟ್ಟಿದ್ದೇವೆ, ಸಂಬಳದಲ್ಲಿ ತೆರಿಗೆಯನ್ನೂ ಕಟ್ಟುತ್ತಿದ್ದೇವೆ.

ಹಾಗಾಗಿ ಬಾಗಿಲ ಸಂದಿಯಿಂದ ಬಿದ್ದ ಕರಪತ್ರಗಳನ್ನು ನಾನು ಬೇರೆಯವರ ಹಾಗೆ ಕಸಕ್ಕೆ ಹಾಕಲಿಲ್ಲ. ನಾಲ್ಕನ್ನೂ ಊಟದ ಮೇಜಿನ ಮೇಲೆ ಹರಡಿದೆ. ಬೀದಿಯ ಕೊನೆಯ ಮನೆಯ ಧಾರವಾಡದ ವಸುಧಾ ಬಂದು ಪಕ್ಕದಲ್ಲಿ ಕೂತಳು. ಒಬ್ಬ ಅಭ್ಯರ್ಥಿ ಸಂಜೆಯೂ ವಾರದ ಕೊನೆಗೂ ಆಪರೇಷನ್ ನಡೆಸುತ್ತೇವೆ ಎಂದಿದ್ದ. ಅದೇ ಡಾಕ್ಟರು, ಅದೇ ನರ್ಸು ತಾನೇ, ಅವರು ಮಲಗುವುದು ಯಾವಾಗ? ಇನ್ನೊಬ್ಬಳು ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರವೇ ದುಡ್ಡು ಕೊಟ್ಟು ರೋಗಿಗಳನ್ನು ಕಳಿಸುತ್ತದೆ ಎಂದಿದ್ದಳು. ಜಿಪಿ ಬೇಗ ಸಿಗುವುದನ್ನು ಹಕ್ಕು ಮಾಡುತ್ತೇವೆ ಎಂದಿದ್ದವನ ಕಾಗದದಲ್ಲಿ ಅದರ ಮುಂದಿನ ಮಾತೇ ಇರಲಿಲ್ಲ, ಜಿಪಿಯನ್ನು ಕಟ್ಟಿಕೊಂಡು ನಮ್ಮ ಮನೆಯವರ ಕೀಲಿಗೆ ಏನಾಗಬೇಕು? ನಾಲ್ಕನೆಯವನದ್ದು ಓದಿ ಮಾತ್ರ ನನ್ನ ಮೈ ಉರಿಯಿತು. ಹೊರಗಿನಿಂದ ಬಂದವರಿಂದಲೇ ಸಾಲು ಇಷ್ಟುದ್ದವಾಗಿದೆಯಂತೆ. ಅಲ್ಲಯ್ಯ, ಆ ಆಸ್ಪತ್ರೆಯ ವಾರ್ಡಿನಲ್ಲಿ ನಿನ್ನವರ ಹಾಸಿಗೆ ಸರಿಮಾಡುತ್ತಿರುವವರು ಯಾರು, ಹೋಗಿ ನೋಡು.

"ಅಲ್ಲವ್ವಾ, ಎಲ್ಲಾರೂ ಮಾಡ್ತೀವಿ ಅಂತಾರ," ಎಂದಳು ವಸುಧಾ. "ಯಾವಾಗ ಮಾಡ್ತಾರಂತ ಒಬ್ಬರೂ ಬರ್ದಿಲ್ಲ ನೋಡು."

ಮುಂದಿನ ಶನಿವಾರ ಅಭ್ಯರ್ಥಿಯೇ ಮನೆಗೆ ಬಂದ, ಸಂಜೆ ಆಪರೇಷನ್ನಿನವನು. ನಮ್ಮಲ್ಲಾದರೆ ಹಿಂದೆ ಮುಂದೆ ಜೀಪು, ಘೋಷಣೆ, ಕೈಮುಗಿದ ಭಂಗಿ. ಇವನು ಒಬ್ಬನೇ, ಜಿನುಗುವ ಮಳೆಯಲ್ಲಿ ಒದ್ದೆಯಾಗಿ ಹೊಸ್ತಿಲಾಚೆ ನಿಂತಿದ್ದ. ಇಲ್ಲಿ ಅವರು ನಿಂತಲ್ಲೇ ಮಾತಾಡಿ ಹೋಗುವುದು ರೂಢಿ. ನನಗೆ ಮನಸ್ಸು ತಡೆಯಲಿಲ್ಲ, ಒಳಗೆ ಕರೆದು ಚಹಾ ಕೊಟ್ಟೆ. ಅವನಿಗೆ ಬಿಸ್ಕತ್ತು ಯಾವುದು ಅಕ್ಕಿ ಚಕ್ಕುಲಿ ಯಾವುದು ತಿಳಿಯಲಿಲ್ಲ, ಚಕ್ಕುಲಿಯನ್ನು ಚಹಾದಲ್ಲಿ ಅದ್ದಿದ. ಆಮೇಲೆ ಇವರ ಕಡೆ ತಿರುಗಿ, ಆರೋಗ್ಯ ಸೇವೆ ನಿಮಗೆ ಹೇಗಾಗುತ್ತಿದೆ ಎಂದು ಕೇಳಿದ.

ನಮ್ಮ ಮನೆಯವರು ಊರುಗೋಲನ್ನು ಸೋಫಾದ ಹಿಂದೆ ಸರಿಸಿ ನೆಟ್ಟಗೆ ನಿಂತರು. "ನಮಗೇನೂ ತೊಂದರೆ ಇಲ್ಲ. ಎಲ್ಲ ಚೆನ್ನಾಗಿದೆ," ಎಂದು ಇಂಗ್ಲಿಷಿನಲ್ಲಿ ನಗುತ್ತಾ ಹೇಳಿದರು.

ನಾನು ಚಹಾದ ತಟ್ಟೆಯನ್ನು ಕುಕ್ಕಿದೆ. ಇವರು ಮೆಟ್ಟಿಲು ಹತ್ತುವುದು ಹೇಗೆ, ನಿದ್ದೆ ಎಷ್ಟು, ಕಾಲುಚೀಲ ಹಾಕುವವರು ಯಾರು, ಎಲ್ಲ ಹೇಳಿದೆ. ನಿಮ್ಮ ನಾಲ್ವರ ಕಾಗದವನ್ನೂ ಓದಿದ್ದೇನೆ, ಇವರಿಗೆ ಯಾವಾಗ ಆಗುತ್ತದೆ ಅಷ್ಟು ಹೇಳಿ ಎಂದೆ. ಪಾಪ, ಸುಳ್ಳು ಹೇಳಲಿಲ್ಲ ಅವನು, ದಿನಾಂಕ ಕೊಡಲು ನನ್ನಿಂದಾಗುವುದಿಲ್ಲ ಎಂದ. ಆಮೇಲೆ, ಆಸ್ಪತ್ರೆಯಿಂದ ಯಾರಾದರೂ ಫೋನ್ ಮಾಡಿ ವಿಚಾರಿಸಿದ್ದರೇ ಎಂದು ಕೇಳಿದ.

"ಮಾಡಿದ್ದರು, ಈಸ್ಟರ್ ರಜೆಯ ಹೊತ್ತಿಗೆ," ಎಂದರು ಇವರು. "ಹೇಗೋ ಸುಧಾರಿಸಿಕೊಳ್ಳುತ್ತಿದ್ದೇನೆ ಅಂದೆ."

ನನಗೆ ಗೊತ್ತೇ ಇರಲಿಲ್ಲ. ಬಂದವನು ಹೋದ ಮೇಲೆ ಬಾಗಿಲು ಹಾಕಿ ಕೇಳಿದೆ, "ಎಂಥದ್ದಕ್ಕೆ ಹಾಗೆ ಹೇಳಿದ್ದು ನೀವು?"

"ಮತ್ತೆ ಎಂಥ ಹೇಳುವುದು? ಆ ಹುಡುಗಿ ಅಷ್ಟು ಚಂದ ಮಾಡಿ ಹೇಗಿದ್ದೀರಿ ಅಂತ ಕೇಳುವಾಗ ಅವಳ ಹತ್ತಿರ ನನ್ನ ಗೋಳು ಹೇಳುವುದಾ?"

ಇದು ನಮ್ಮವರಿಗೇ ಅಂಟಿದ ರೋಗ. ಯಾರು ಹೇಗಿದ್ದೀರಿ ಎಂದರೂ ಚೆನ್ನಾಗಿದ್ದೇವೆ. ಊರಿನಲ್ಲಿ ಹಾಗೆಂದರೂ ನಡೆಯುತ್ತದೆ, ನಡಿಗೆ ನೋಡಿಯೇ ಎದುರು ಮನೆಯವರು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾರೆ. ಫೋನಿನಲ್ಲಿ ನಡಿಗೆ ಕಾಣುತ್ತದೆಯೇ? ಆಸ್ಪತ್ರೆಯ ಹುಡುಗಿ ಕಿವಿಗೆ ಬಿದ್ದದ್ದನ್ನು ಬರೆದುಕೊಂಡಳು. ನಿಧಿ ಇಂಗ್ಲಿಷಿನಲ್ಲಿ, "ಅಪ್ಪಾ, ಅದು ಕುಶಲ ಕೇಳುವ ಫೋನ್ ಅಲ್ಲ, ಯಾರಿಗೆ ಮೊದಲು ಅಂತ ಗೊತ್ತುಮಾಡುವ ಪರೀಕ್ಷೆ," ಎಂದಳು. ಅವಳ ಮಾತು ಸರಿಯಾಗಿತ್ತು. ನೋವನ್ನು ಜೋರಾಗಿ ಹೇಳಿಕೊಂಡವನಿಗೆ ಮಾತ್ರ ದಾರಿ ಬಿಡುವ ಸಾಲಿನ ಮೇಲೆ ನನಗೆ ಸಿಟ್ಟು ಬಂತು. ಇವರ ಮೇಲೂ ಬಂತು.

ಸೋಮವಾರ ನಾನೇ ಪಕ್ಕದಲ್ಲಿ ಕೂತು ಆಸ್ಪತ್ರೆಗೆ ಫೋನ್ ಮಾಡಿಸಿದೆ. ಈ ಸಲ ನಿಜ ಹೇಳಿದರು. ಬರೆದುಕೊಂಡಿದ್ದೇವೆ, ಆದರೂ ಈ ವರ್ಷ ಆಗಲಿಕ್ಕಿಲ್ಲ ಎಂದರು ಆಸ್ಪತ್ರೆಯವರು. ಅವತ್ತೇ ಸಂಜೆ ಮಂಗಳೂರಿಗೆ ಟಿಕೆಟ್ ಮಾಡಿದೆವು.

ಹೊರಡುವ ವಾರವೇ ಮತದಾನ. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ, ದಾರಕ್ಕೆ ಕಟ್ಟಿದ ಪೆನ್ಸಿಲಿನಲ್ಲಿ ಕತ್ತರಿ ಗುರುತು ಹಾಕಬೇಕು. ಚಕ್ಕುಲಿ ಅದ್ದಿದವನಿಗೇ ಹಾಕಿದೆ. ನಾಲ್ವರಲ್ಲಿ ಗೊತ್ತಿಲ್ಲ ಎಂದು ಒಪ್ಪಿಕೊಂಡವನು ಅವನೊಬ್ಬ. ಅವನೇ ಗೆದ್ದ. ಬೇರೆ ಕಡೆ ಮಾಡಿಸಿಕೊಳ್ಳುತ್ತಿದ್ದೇವೆ ಎಂದು ಆಸ್ಪತ್ರೆಗೂ ತಿಳಿಸಿದೆ, ಪಟ್ಟಿಯಿಂದ ಹೆಸರು ತೆಗೆದ ಹುಡುಗಿ ನನಗೆ ಥ್ಯಾಂಕ್ಸ್ ಹೇಳಿದಳು.

ಮಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲಿ ವಿಳಾಸ ನೋಡಿ, "ಫಾರಿನ್‌ನವರಾ?" ಎಂದು ಕೇಳಿ ಬೇರೆ ಕಿಟಕಿಗೆ ಕಳಿಸಿದರು. ಇವರ ತಂಗಿ ಜಯಂತಿಯದೂ ಒಂದು ಪ್ರಶ್ನೆ. "ಅಲ್ಲಿ ಎಲ್ಲ ಪುಕ್ಕಟೆ ಅಲ್ವಾ ಅತ್ತಿಗೆ, ಮತ್ತೆ ಎಂಥಕ್ಕೆ ಇಲ್ಲಿಗೆ ಬಂದದ್ದು?" ಅದೇನಾಯಿತೋ ನನಗೆ. ಅಲ್ಲಿ ಯಾರ ಚಿನ್ನವೂ ಅಡಮಾನಕ್ಕೆ ಹೋಗುವುದಿಲ್ಲ, ಬಡವನಿಗೂ ಶ್ರೀಮಂತನಿಗೂ ಅದೇ ವಾರ್ಡು, ಅದನ್ನು ಹಗುರವಾಗಿ ಆಡಬೇಡ ಎಂದು ಜೋರಾಗಿಯೇ ವಾದಿಸಿದೆ. ಅಲ್ಲಿ ಕೂತು ಬೈಯುತ್ತೇನೆ, ಇಲ್ಲಿ ಬಂದು ಆ ದೇಶದ ವಕೀಲಳಾಗುತ್ತೇನೆ.

ಆಪರೇಷನ್ ಚೆನ್ನಾಗಿ ಆಯಿತು. ಕೊವೆಂಟ್ರಿಗೆ ಮರಳಿ ಕೆಲವು ತಿಂಗಳಾದ ಮೇಲೆ ಗೆದ್ದವನ ವರದಿ ಬಾಗಿಲಿಗೆ ಬಿತ್ತು. ಇಲ್ಲಿನ ಆಸ್ಪತ್ರೆಯಲ್ಲಿ ಕಾಯುವವರ ಪಟ್ಟಿ ಚಿಕ್ಕದಾಗಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಮ್ಮ ಮನೆಯವರು ಅದನ್ನು ಓದಿ ನಿಜವಾಗಿಯೂ ಖುಷಿಪಟ್ಟರು.

"ನೋಡು, ಮಾತು ಉಳಿಸಿಕೊಂಡಿದ್ದಾನೆ."

"ಹೌದು," ಎಂದೆ. "ಕಡಿಮೆಯಾದ ಹೆಸರುಗಳಲ್ಲಿ ಒಂದು ನಿಮ್ಮದು."