ಹೊನ್ನಮ್ಮ ಇಟ್ಟ ಆಣೆ

ಶನಿವಾರಸಂತೆಯಿಂದ ಕಾಡುದಾರಿ ಹಿಡಿದರೆ ಸಿಗುವ ಪುಟ್ಟ ಊರೊಂದರಲ್ಲಿ, ಬ್ರಿಟಿಷರ ಕಾಲಕ್ಕೆ, ಹೊನ್ನಮ್ಮ ಎಂಬ ವಿಧವೆ ಇದ್ದಳು. ಅನುಮಾನ ಅವಳಿಗೆ ತವರಿನಿಂದ ಬಂದ ಬಳುವಳಿ. ತನ್ನ ಹಸುವಿನ ಹಾಲನ್ನು ತಾನೇ ಕರೆದು, ಯಾರಾದರೂ ನೀರು ಬೆರೆಸಿದ್ದಾರೋ ಎಂದು ಮೂಸಿ ನೋಡುವ ಹೆಂಗಸು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಇಂಥವಳು ಸರ್ಕಾರವನ್ನು ನಂಬಿ ಮನೆಯ ಜಗಲಿ ಬಿಟ್ಟುಕೊಟ್ಟಿದ್ದಳು. ಗಂಡ ಸಾಯುವ ಮುಂಚೆ ಹಟ ಹಿಡಿದು ಊರಿಗೆ ತರಿಸಿದ ಶಾಲೆ ಅಲ್ಲಿ ನಡೆಯುತ್ತಿತ್ತು. ತಾಯಿಯಿಲ್ಲದ ಮೊಮ್ಮಗಳು ಕೆಂಚಿ ಅಲ್ಲೇ ಕೂತು ಎರಡನೇ ಪುಸ್ತಕ ಓದುತ್ತಿದ್ದಳು. ಅಕ್ಷರ ಬಾರದ ಅಜ್ಜಿ ಒಳಗೆ ರಾಗಿ ಬೀಸುತ್ತಾ ಆ ದನಿಗೆ ಕಿವಿಗೊಟ್ಟು, ಓದು ನಿಂತರೆ ಬೀಸುವುದನ್ನೂ ನಿಲ್ಲಿಸುತ್ತಿದ್ದಳು.

ಆ ವರ್ಷ ಕುದುರೆ ಏರಿ ಬಂದ ಶಾಲಾ ಇನ್‌ಸ್ಪೆಕ್ಟರು ಜಗಲಿಯ ಮೇಲಿದ್ದ ನಾಲ್ಕಾರು ತಲೆಗಳನ್ನು ನೋಡಿ ಮುಖ ಗಂಟಿಕ್ಕಿದರು. "ಸಂಕ್ರಾಂತಿ ಕಳೆದು ಬರ್ತೇನೆ. ಹತ್ತು ಮಕ್ಕಳಾದರೂ ಇಲ್ಲದಿದ್ದರೆ ಇದನ್ನು ಮುಚ್ಚಿ ಶನಿವಾರಸಂತೆ ಶಾಲೆಗೆ ಸೇರಿಸ್ತೇನೆ" ಎಂದರು. ಆ ದಾರಿಯಲ್ಲಿ ಆನೆ ಅಡ್ಡ ನಿಲ್ಲುತ್ತಿತ್ತು. ದೊಡ್ಡವರೇ ಗುಂಪು ಕಟ್ಟಿಕೊಂಡು ಹೋಗುವ ದಾರಿಯಲ್ಲಿ ಹೆಣ್ಣುಮಗುವನ್ನು ಕಳಿಸುವುದು ಆಗದ ಮಾತು. ಜಗಲಿಯ ಶಾಲೆ ಮುಚ್ಚಿದರೆ ಕೆಂಚಿಯ ಓದು ಅಲ್ಲಿಗೇ ಮುಗಿಯಿತು.

ಮಕ್ಕಳು ಕಡಿಮೆಯಾದ ಕಾರಣ ಊರಿಗೆಲ್ಲ ಗೊತ್ತಿತ್ತು. ಪಕ್ಕದ ಗುಡ್ಡದಲ್ಲಿ ಕಾಫಿ ಎಸ್ಟೇಟ್ ಎದ್ದಿತ್ತು. ಕೆಲವು ಸಂಸಾರಗಳು ಅಲ್ಲಿನ ಲೈನಿಗೆ, ಕೂಲಿಯವರ ಸಾಲುಮನೆಗಳಿಗೆ, ಹೋಗಿ ಸೇರಿದ್ದವು. ಆದರೆ ಎಲ್ಲರಿಗೂ ಗೊತ್ತಿರುವ ಕಾರಣವನ್ನು ಹೊನ್ನಮ್ಮ ನಂಬುವುದುಂಟೆ? ಯಾರೋ ಬೇಕೆಂದೇ ಬಿಡಿಸುತ್ತಿದ್ದಾರೆ! ಮೊದಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ದೇರಪ್ಪನ ಮೇಲೆ ಕಣ್ಣು ಬಿತ್ತು. ದಾರಿಯಲ್ಲಿ ಮಕ್ಕಳಿಗೆ ಅವನು ಬೆಲ್ಲದ ಚೂರು ಕೊಟ್ಟದ್ದನ್ನು ಅವಳೇ ನೋಡಿದ್ದಳು. ಪುಕ್ಕಟೆ ಬೆಲ್ಲ ಕೊಡುವವನು ನೆಟ್ಟಗಿರಲು ಸಾಧ್ಯವೇ? ಆಮೇಲೆ ಮೇಷ್ಟ್ರು ಜಯಪ್ಪ. ಈ ಮನುಷ್ಯ ಶಾಲೆ ಬಿಟ್ಟೊಡನೆ ಛತ್ರಿ ಹಿಡಿದು ಎಸ್ಟೇಟಿನ ಕಡೆ ಯಾಕೆ ಹೋಗುತ್ತಾನೆ? ಇವನ ಹೆಂಡತಿಯ ತವರು ಸೋಮವಾರಪೇಟೆ. ಇಲ್ಲಿ ಬಾಗಿಲು ಹಾಕಿದರೆ ಅಲ್ಲಿಗೆ ವರ್ಗವಾಗುತ್ತದೆ, ಅಷ್ಟೇ.

"ಮೇಷ್ಟ್ರೇ, ದಿನಾ ಗುಡ್ಡ ಹತ್ತಕ್ಕೆ ಅಲ್ಲೇನು ನಿಮ್ಮ ಅತ್ತೆ ಮನೆ ಐತಾ?" ಎಂದು ಕೇಳಿಯೇಬಿಟ್ಟಳು.

"ಸ್ವಲ್ಪ ತಾಳಿ ಅಮ್ಮ, ಒಳ್ಳೇದಾಗ್ತದೆ" ಎಂದು ಜಯಪ್ಪ ತಲೆ ತಗ್ಗಿಸಿ ಹೊರಟುಹೋದ.

ತಲೆ ತಗ್ಗಿಸಿದನಲ್ಲ, ಅವಳಿಗೆ ಅಷ್ಟು ಸಾಕಾಯಿತು. ಮುಂದಿನ ಪೂಜೆಯ ದಿನ ಊರೆಲ್ಲ ಗ್ರಾಮದೇವತೆ ಸಬ್ಬಮ್ಮನ ಗುಡಿಯ ಮುಂದೆ ಸೇರಿದ್ದಾಗ ಹೊನ್ನಮ್ಮ ಕಾಯಿ ಹಿಡಿದು ನಿಂತಳು.

"ನನ್ನ ಜಗಲಿಯಿಂದ ಮಕ್ಕಳನ್ನ ಬಿಡಿಸಿದೋರು ಯಾರೇ ಆಗ್ಲಿ, ಅವರ ಮನೆ ಒಲೆ ಉರೀದೆ ಹೋಗ್ಲಿ. ತಾಯಿ, ನಿನ್ನಾಣೆ!"

ಕಾಯಿ ಒಡೆದು ಸುತ್ತಲೂ ಕಣ್ಣಾಡಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನಾದರೂ ಇದ್ದೇ ಇರುತ್ತಾನೆ. ಆದರೆ ಅಲ್ಲಿ ಎಲ್ಲರ ಮುಖವೂ ಕಪ್ಪಿಟ್ಟಿತ್ತು. ಇಷ್ಟೂ ಜನ ಕಳ್ಳರೇ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು.

ಮರುದಿನ ಜಗಲಿಯ ಮೇಲೆ ಕೆಂಚಿ ಒಬ್ಬಳೇ ಕೂತಿದ್ದಳು. ದೇರಪ್ಪ ಮಾಟ ಮಾಡಿಸಿದನೋ ಏನೋ ಎಂದುಕೊಂಡು ಹೊನ್ನಮ್ಮ ಪಕ್ಕದ ಮನೆಯ ದೊಡ್ಡಿ ಎಂಬವಳನ್ನು ಕೇಳಲು ಹೋದಳು. ದೊಡ್ಡಿಯ ಮಗನೂ ಆ ಶಾಲೆಯವನೇ. ಅವಳು ಬೇಲಿಯಲ್ಲೇ ಕೈ ಅಡ್ಡ ಹಿಡಿದಳು.

"ಒಳಗೆ ಬರಬೇಡಿ ಅವ್ವಾ. ಗದ್ದೆ ಕಾಯಕ್ಕೆ ಅಂತ ನಾನೂ ಹುಡುಗನ್ನ ಬಿಡಿಸಿದ್ದೆ. ಒಂದಲ್ಲ ಒಂದು ದಿನ ಬಿಡಿಸದೆ ಇರೋರು ಈ ಊರಲ್ಲಿ ಯಾರಿದ್ದಾರೆ? ನಿಮ್ಮ ಆಣೆ ಎಲ್ರಿಗೂ ತಟ್ಟುತ್ತೆ. ಆಣೆ ಇಟ್ಟೋರ ಮನೆ ತುಳಿದು, ಅವರ ನೀರು ಕುಡಿದ್ರೆ ನಮ್ಮ ಮಕ್ಕಳು ಉಳೀತಾವಾ?"

ಆಣೆ ಇಟ್ಟವರಿಗೂ ತಟ್ಟಿದವರಿಗೂ ನೀರು-ಬೆಂಕಿ ಕೂಡದೆಂಬುದು ಆ ಸೀಮೆಯ ಕಟ್ಟಳೆ. ಅದು ಹೊನ್ನಮ್ಮನಿಗೂ ಗೊತ್ತಿದ್ದದ್ದೇ. ಆದರೆ ಆಣೆ ಒಬ್ಬ ಕಳ್ಳನಿಗೆ ಮಾತ್ರ ತಟ್ಟುತ್ತದೆ ಎಂದುಕೊಂಡಿದ್ದಳು. ಗುಡಿಗೆ ಓಡಿ ಪೂಜಾರಿಯ ಕಾಲು ಹಿಡಿದಳು.

"ಸುಗ್ಗಿ ಹಬ್ಬದ ದಿನ ಎಲ್ರೂ ಕೂಡಿ ಆಣೆ ಬಿಡಿಸಬೇಕು ಕಣವ್ವ. ಅದಕ್ಕೆ ಮುಂಚೆ ತಾಯಿ ಒಪ್ಪಲ್ಲ" ಎಂದ ಪೂಜಾರಿ.

ಆ ಕಡೆ ಸುಗ್ಗಿ ಹಬ್ಬ ಬರುವುದು ಯುಗಾದಿ ಕಳೆದ ಮೇಲೆ. ಇನ್‌ಸ್ಪೆಕ್ಟರು ಹೇಳಿದಂತೆ ಸಂಕ್ರಾಂತಿ ಕಳೆದೊಡನೆ ಬಂದರು, ಒಬ್ಬಳೇ ಕೂತಿದ್ದ ಹುಡುಗಿಯನ್ನು ನೋಡಿದರು, ಕುದುರೆಯಿಂದ ಇಳಿಯಲೂ ಇಲ್ಲ.

ಕರಿಹಲಗೆಯನ್ನು ಗಾಡಿಗೆ ಏರಿಸುವಾಗ ಜಯಪ್ಪ ಹತ್ತಿರ ಬಂದ. "ಲೈನಿನ ಮಕ್ಕಳನ್ನ ಇಲ್ಲಿಗೆ ಕಳಿಸಕ್ಕೆ ದೇರಪ್ಪನವರು ಒಪ್ಪಿದ್ರು ಅಮ್ಮ. ಎಸ್ಟೇಟಿನ ದೊರೆ ಹೂಂ ಅನ್ನೋವರೆಗೆ ಬಾಯಿ ಬಿಡಬೇಡಿ ಅಂದಿದ್ರು. ದೊರೆನೂ ಒಪ್ಪಿದ. ಅಷ್ಟರಲ್ಲಿ ಆಣೆ ಸುದ್ದಿ ಲೈನಿಗೆ ಮುಟ್ಟಿ ಒಬ್ಬರೂ ಹೊರಡಲಿಲ್ಲ."

ಹಳೆಯ ಅಭ್ಯಾಸ ನೋಡಿ, ಹೊನ್ನಮ್ಮ ಅವನ ಮುಖದಲ್ಲಿ ಸುಳ್ಳು ಹುಡುಕಿದಳು. ಸಿಗಲಿಲ್ಲ.

ಸಂಜೆ ಒಲೆಗೆ ಸೌದೆ ಒಡ್ಡಿ, ಬೆಂಕಿಪೊಟ್ಟಣ ಹಿಡಿದು ಅವಳು ಕಡ್ಡಿ ಗೀರದೆ ಕೂತಿದ್ದಳು. ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ ಕೆಂಚಿ ಸ್ಲೇಟನ್ನು ಎದೆಗವಚಿಕೊಂಡು ಬಂದಳು.

"ಒಲೆ ಹಚ್ಚಜ್ಜಿ, ಹಸಿವು."

ಹೊನ್ನಮ್ಮ ಬೆಂಕಿಪೊಟ್ಟಣವನ್ನು ಅವಳ ಕೈಗಿಟ್ಟಳು. "ನೀನೇ ಹಚ್ಚು ಮಗಾ. ಮಕ್ಕಳನ್ನ ಬಿಡಿಸಿದೋರು ಯಾರು ಅಂತ ಸಬ್ಬಮ್ಮ ತಾಯಿಗೆ ಗೊತ್ತು. ನನ್ನ ಕೈಲಿ ಇದು ಹತ್ತಲ್ಲ."